ಪೋಕರ್ ಆಟಗಾರರ ಮುಖ ಇರುವ ಟೀ-ಶರ್ಟ್ ಮಾರಬಹುದಾ? ಗೊತ್ತಿದ್ದವರು ಹೇಳಿ

ದುರ್ಗಿಗುಡಿ ಪ್ರಿಂಟು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಮದುವೆ ಬ್ಯಾನರ್, ಕಾಲೇಜು ಟೀ-ಶರ್ಟ್, ಹುಟ್ಟುಹಬ್ಬದ ಮಗ್, ಗಣಪತಿ ಸಮಿತಿಯ ಟೋಪಿ, ಇಂಥದ್ದೇ ಕೆಲಸ. ಹೋದ ವಾರ ನಾಲ್ಕು ಹುಡುಗರು ಬಂದರು. ವಿನೋಬನಗರದ ಒಂದು ರೂಮಿನಲ್ಲಿ ಶನಿವಾರ ರಾತ್ರಿ ಸೇರಿ ಪೋಕರ್ ಆಡುತ್ತಾರಂತೆ. ದುಡ್ಡು ಕಟ್ಟುವುದಿಲ್ಲವಂತೆ, ಸೋತವನು ಎಲ್ಲರಿಗೂ ಗೋಬಿ ಮಂಚೂರಿ ಕೊಡಿಸಬೇಕಂತೆ. ಅವರಿಗೆ 24 ಟೀ-ಶರ್ಟ್ ಬೇಕು. ಮೊಬೈಲಿನಲ್ಲಿ ಮೂರು ಫೋಟೊ ತೋರಿಸಿದರು: ಫಿಲ್ ಹೆಲ್ಮತ್, ಡೇನಿಯಲ್ ನೆಗ್ರಾನು, ಫಿಲ್ ಐವಿ.

ನನಗೆ ಇವರು ಯಾರೂ ಗೊತ್ತಿಲ್ಲ. ನಂದೇನಿದ್ದರೂ ಇಪ್ಪತ್ತೆಂಟು, ರಮ್ಮಿ ಅಷ್ಟೆ. ರಾತ್ರಿ ಕೂತು ಹುಡುಕಿದೆ. ಇವರ ಮುಖ ಇರುವ ತಲೆ ಅಲ್ಲಾಡಿಸುವ ಗೊಂಬೆ, ಇಸ್ಪೀಟ್ ಪ್ಯಾಕು, ಟೋಪಿ, ಪಣಕ್ಕಿಡುವ ಬಿಲ್ಲೆ (ಅದಕ್ಕೆ ಚಿಪ್ಪು ಅಂತಾರಂತೆ) ಎಲ್ಲಾ ಕಂಡವು. ತಲೆಯಲ್ಲಿ ಹುಳ ಬಿತ್ತು. 24ರ ಬದಲು 500 ಹೊಡೆದು ಆನ್‌ಲೈನ್‌ನಲ್ಲಿ ಮಾರಿದರೆ ಹೇಗೆ? ಮನೆಯಲ್ಲಿ ಹೇಳಿದೆ. ಹೆಂಡತಿ ರೊಟ್ಟಿ ತಟ್ಟುತ್ತಲೇ, "ಬೇರೆಯವರ ಮುಖ ಮಾರುವುದಕ್ಕೆ ಅವರನ್ನ ಒಂದು ಮಾತು ಕೇಳುವುದು ಬೇಡ್ವಾ?" ಅಂದಳು. ಅಲ್ಲಿಗೆ ನಿಂತಿದೆ. ಲೈಸೆನ್ಸ್ ಅಂದರೆ ಏನು, ಎಷ್ಟು ಖರ್ಚು, ಯಾರನ್ನ ಕೇಳಬೇಕು?

ಗೊರಬಲು:

ಎಂಥದ್ದು ಮಾರಾಯ, ಅಮೆರಿಕದಿಂದ ಯಾರು ದುರ್ಗಿಗುಡಿಗೆ ಬಂದು ಕೇಸು ಹಾಕುತ್ತಾರೆ? ಗಾಂಧಿ ಬಜಾರಿನಲ್ಲಿ ಫುಟ್‌ಬಾಲ್ ಆಟಗಾರರ ಜರ್ಸಿ ರಾಶಿ ರಾಶಿ ತೂಗಿದೆ. ಅವರೆಲ್ಲ ಲೈಸೆನ್ಸ್ ತಗೊಂಡಿದ್ದಾರಾ? ಸುಮ್ನೆ ಹೊಡಿ.

ತೀರ್ಥಳ್ಳಿ ಅಕ್ಕ:

ಗೊರಬಲು, ನೀನು ಹೀಗೆ ಹೇಳಿಯೇ ಹೇಳುತ್ತೀಯ ಅಂತ ಗೊತ್ತಿತ್ತು.

ಪ್ರಿಂಟು ಅಣ್ಣ, ನಾನು ಬೆಂಗಳೂರಿನಲ್ಲಿ ಆರು ವರ್ಷ ಇದೇ ಕೆಲಸ ಮಾಡಿದವಳು. ನಮ್ಮದು ಕಾರ್ಟೂನ್ ಬೊಂಬೆಗಳ ಲೈಸೆನ್ಸು: ಶಾಲಾ ಚೀಲ, ಊಟದ ಡಬ್ಬಿ. ಪೋಕರ್ ಆದರೂ ಕ್ರಿಕೆಟ್ ಆದರೂ ಲೆಕ್ಕ ಅದೇ.

ಮೊದಲು ಒಂದು ಫೋಟೊವನ್ನೇ ನೋಡಿ. ಹುಡುಗರು ತೋರಿಸಿದ ಹೆಲ್ಮತ್ ಫೋಟೊದಲ್ಲಿ ಆತ ಟೋಪಿ ಹಾಕಿಕೊಂಡು ಕೈಯಲ್ಲಿ ಟೂರ್ನಿ ಗೆದ್ದವರಿಗೆ ಕೊಡುವ ಬ್ರೇಸ್‌ಲೆಟ್ ಹಿಡಿದಿರಬಹುದು ಅಲ್ವಾ? ಮುಖ ಅವನದು. ಫೋಟೊ, ಅದನ್ನ ತೆಗೆದವನದು. ಟೋಪಿ ಮೇಲಿನ ಲೋಗೋ ಯಾವುದೋ ಕಂಪನಿಯದು. ಬ್ರೇಸ್‌ಲೆಟ್ಟೂ ಹಿಂದಿನ ಬ್ಯಾನರೂ ಟೂರ್ನಿ ನಡೆಸುವವರದು. ಒಂದು ಟೀ-ಶರ್ಟಿಗೆ ನಾಲ್ಕು ಜನರನ್ನ ಕೇಳಬೇಕು. ಆಟಗಾರ ಒಬ್ಬ ಒಪ್ಪಿದ ಅಂತ ಉಳಿದ ಮೂವರು ಬಿಟ್ಟಂತಲ್ಲ.

ಇನ್ನು ದುಡ್ಡು. ಲೈಸೆನ್ಸ್ ಅಂದರೆ ಬಳಸಲು ಕೊಡುವ ಅನುಮತಿ, ರಾಯಲ್ಟಿ ಅಂದರೆ ಅದಕ್ಕೆ ಪ್ರತಿ ಮಾಲಿನ ಮೇಲೆ ನೀವು ಕೊಡುವ ಪಾಲು. ರಾಯಲ್ಟಿಯನ್ನ ಸಾಮಾನ್ಯವಾಗಿ ಎಂಆರ್‌ಪಿ ಮೇಲೆ ಹಾಕುವುದಿಲ್ಲ, ನೀವು ಅಂಗಡಿಗೆ ಕೊಡುವ ಹೋಲ್‌ಸೇಲ್ ದರದ ಮೇಲೆ ಹಾಕುತ್ತಾರೆ. ಅಂಗಡಿಗೆ 350 ರೂಪಾಯಿಗೆ ಕೊಡುತ್ತೀರಿ, ರಾಯಲ್ಟಿ ಶೇ. 8 ಅಂತ ಇಟ್ಟುಕೊಳ್ಳಿ. ಶರ್ಟಿಗೆ 28 ರೂಪಾಯಿ. ಇಷ್ಟೇನಾ ಅನ್ನಿಸುತ್ತೆ. ಆದರೆ ಅದರ ಜೊತೆ ಮಿನಿಮಮ್ ಗ್ಯಾರಂಟಿ ಅಂತ ಒಂದಿರುತ್ತದೆ. ನೀವು ಮಾರಿ, ಬಿಡಿ, ಇಷ್ಟು ಕೊಡಲೇಬೇಕು. ಅದು 2 ಲಕ್ಷ ಅಂದುಕೊಂಡರೆ, 28ರಿಂದ ಭಾಗಿಸಿ. 7,143 ಶರ್ಟು ಮಾರಿದ ಮೇಲೆ ಆ ಗ್ಯಾರಂಟಿ ತೀರುತ್ತದೆ. ನೀವು 500ರ ಮಾತಾಡುತ್ತಿದ್ದೀರಿ.

ಇದಲ್ಲದೆ ಡಿಸೈನ್ ಕಳಿಸಬೇಕು, ಅವರು ಒಪ್ಪಬೇಕು. ಆಮೇಲೆ ಸ್ಯಾಂಪಲ್ ಕಳಿಸಬೇಕು, ಅದನ್ನೂ ಒಪ್ಪಬೇಕು. ಕೆಂಪು ಸ್ವಲ್ಪ ಕಿತ್ತಳೆಗೆ ತಿರುಗಿದರೂ ವಾಪಸ್. ನಾವು ಒಂದು ಊಟದ ಡಬ್ಬಿಯ ಮುಚ್ಚಳಕ್ಕೆ ಐದು ಸಲ ಸ್ಯಾಂಪಲ್ ಕಳಿಸಿದ್ದೆವು, ಬೊಂಬೆಯ ಹುಬ್ಬು ದಪ್ಪ ಆಯಿತು ಅಂತ. ಎರಡು ಮೂರು ವರ್ಷಕ್ಕೆ ಒಪ್ಪಂದ ಮುಗಿಯುತ್ತದೆ. ಉಳಿದ ಮಾಲು ಖಾಲಿ ಮಾಡಲು ಒಂದಿಷ್ಟು ದಿನ ಕೊಡುತ್ತಾರೆ. ಆಮೇಲೂ ಮಾರಿದರೆ ನೀವೇ ನಕಲಿ ಮಾಲಿನವರು.

ಗೊರಬಲು:

ಅಕ್ಕ, ಇದೆಲ್ಲ ದೊಡ್ಡವರಿಗೆ. ಇವನು ಹೊಡೆಯುವುದು 24.

ತೀರ್ಥಳ್ಳಿ ಅಕ್ಕ:

24 ಅಂತ ಶುರುವಾಗಿ ಅದೇ ರಾತ್ರಿ 500 ಆಯಿತಲ್ಲ.

ಬಿಟ್ಟ ಆಟಗಾರ:

ಭದ್ರಾವತಿಯಿಂದ. ನಾನು ನಾಲ್ಕು ವರ್ಷ ಪೋಕರ್ ಆ್ಯಪ್‌ನಲ್ಲಿ ಆಡಿದವನು. ಗೆದ್ದದ್ದು ಎಷ್ಟು, ಸೋತದ್ದು ಎಷ್ಟು ಅಂತ ಇಲ್ಲಿ ಬರೆಯಲ್ಲ, ಅಪ್ಪನೂ ಇದನ್ನ ಓದುತ್ತಾರೆ.

ಪ್ರಿಂಟು ಅಣ್ಣ ಈ ವ್ಯಾಪಾರವನ್ನ ಕ್ರಿಕೆಟ್ ಜರ್ಸಿ ಥರ ನೋಡುತ್ತಿದ್ದಾರೆ. ಅದು ಹಾಗಲ್ಲ. 2003ರಲ್ಲಿ ಕ್ರಿಸ್ ಮನಿಮೇಕರ್ ಅಂತ ಒಬ್ಬ ಅಕೌಂಟೆಂಟ್, ಅದು ಅವನ ನಿಜವಾದ ಹೆಸರೇ ಮಾರಾಯ್ರೇ, ಆನ್‌ಲೈನ್‌ನಲ್ಲಿ 86 ಡಾಲರ್ ಕಟ್ಟಿ ಆಡಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಅನ್ನುವ ಲಾಸ್ ವೇಗಸ್‌ನ ದೊಡ್ಡ ಟೂರ್ನಿಗೆ ಸೀಟು ಗೆದ್ದ. ಅಲ್ಲಿ ಹೋಗಿ 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಮುಖ್ಯ ಟೂರ್ನಿಗೆ ಬಂದವರು 839 ಜನ. ಮರುವರ್ಷ 2,576. 2006ಕ್ಕೆ 8,773. ಅದೇ ಹೊತ್ತಿಗೆ ಟಿವಿಯವರು ಆಟಗಾರನ ಮುಚ್ಚಿಟ್ಟ ಎಲೆ ತೋರಿಸುವ ಸಣ್ಣ ಕ್ಯಾಮೆರಾ ಇಟ್ಟರು. ಅಲ್ಲಿಯತನಕ ಪೋಕರ್ ನೋಡುವುದು ಅಂದರೆ ಬೇರೆಯವರು ಚೌಕಾಸಿ ಮಾಡುವುದನ್ನ ದೂರದಿಂದ ನೋಡಿದ ಹಾಗೆ. ಎಲೆ ಕಂಡ ಮೇಲೆ ಸುಳ್ಳು ಹೇಳುವವನ ಮುಖವೂ ಕಂಡಿತು. ಮುಖಕ್ಕೆ ಬೆಲೆ ಬಂದದ್ದು ಅಲ್ಲಿಂದ.

ಆದರೆ ಆ ಬೆಲೆ ಕೊಟ್ಟವರು ಅಭಿಮಾನಿಗಳಲ್ಲ, ಆನ್‌ಲೈನ್ ಪೋಕರ್ ಸೈಟ್‌ಗಳು. ಟಿವಿಯಲ್ಲಿ ಬರುವ ಟೇಬಲ್‌ಗೆ ಕೂತವನ ಎದೆಗೊಂದು ಬಟ್ಟೆ ತುಂಡು ಅಂಟಿಸಿ ದುಡ್ಡು ಕೊಡುತ್ತಿದ್ದರು. ದುಡ್ಡಿನ ಆಟದ ಜಾಹೀರಾತಿಗೆ ಅಲ್ಲಿ ಕಾನೂನಿನ ತೊಡಕಿತ್ತು. ಅದಕ್ಕೆ ಡಾಟ್ ಕಾಮ್ ಬದಲು ಡಾಟ್ ನೆಟ್ ಅಂತ ಬರೆಸುತ್ತಿದ್ದರು, ಪುಕ್ಕಟೆ ಆಡುವ ಸೈಟ್ ಇದು ಅಂತ. ನಮ್ಮಲ್ಲಿ ಮದ್ಯದ ಕಂಪನಿ ಸೋಡಾ ಜಾಹೀರಾತು ಕೊಡುವುದಿಲ್ಲವಾ, ಹಾಗೆ. ಟೋಪಿ, ಹೂಡಿ, ಚಿಪ್ಪು ಎಲ್ಲಾ ಈ ಸೈಟ್‌ಗಳು ಹಂಚಿದ ಮಾಲು. ಡೇನಿಯಲ್ ನೆಗ್ರಾನು ಹೆಸರಿಟ್ಟು 2006ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಒಂದು ವಿಡಿಯೋ ಗೇಮೂ ಬಂತು.

ಇನ್ನೊಂದು ಮಜಾ ಇದೆ. ವರ್ಲ್ಡ್ ಪೋಕರ್ ಟೂರ್ ಅಂತ ಟಿವಿಯಲ್ಲಿ ಬರುವ ಇನ್ನೊಂದು ಟೂರ್ನಿ ಸರಣಿಯಲ್ಲಿ ಆಡಬೇಕಾದರೆ ಒಂದು ಫಾರಂಗೆ ಸಹಿ ಹಾಕಬೇಕಿತ್ತು. ನಿನ್ನ ಹೆಸರು, ಮುಖ ನಾವು ಬಳಸಿಕೊಳ್ಳುತ್ತೇವೆ ಅಂತ. ಆಟಗಾರರು ಎಂಟ್ರಿ ಫೀ ಕಟ್ಟುವುದು ಸ್ವಂತ ದುಡ್ಡಿನಿಂದ, ಮೇಲೆ ಮುಖವನ್ನೂ ಬರೆದುಕೊಡಬೇಕು! 2006ರ ಜುಲೈನಲ್ಲಿ ಏಳು ಜನ ಕೋರ್ಟಿಗೆ ಹೋದರು. ಕ್ರಿಸ್ ಫರ್ಗುಸನ್, ಹೋವರ್ಡ್ ಲೆಡೆರರ್, ಆ್ಯನಿ ಡ್ಯೂಕ್, ಗ್ರೆಗ್ ರೇಮರ್, ಜೋ ಹ್ಯಾಶೆಮ್, ಆ್ಯಂಡಿ ಬ್ಲಾಕ್, ಫಿಲ್ ಗಾರ್ಡನ್. ಬೇರೆ ಕಂಪನಿಗೆ ಮುಖ ಕೊಟ್ಟಿದ್ದವರು ಇಲ್ಲಿಯೂ ಸಹಿ ಹಾಕಿದರೆ ಒಂದೇ ಗದ್ದೆಯನ್ನ ಇಬ್ಬರಿಗೆ ಗೇಣಿ ಕೊಟ್ಟ ಹಾಗೆ ಆಗುತ್ತಿತ್ತು. 2008ರಲ್ಲಿ ರಾಜಿ ಆಯಿತು, ಫಾರಂ ಬದಲಾಯಿತು.

ದುರ್ಗಿಗುಡಿ ಪ್ರಿಂಟು:

ಅಂದರೆ ಅವರ ಮುಖ ಅವರದೇ ಅಂತ ಹೇಳಿಸಿಕೊಳ್ಳಲು ಅವರೇ ಕೋರ್ಟಿಗೆ ಹೋಗಬೇಕಾಯಿತಾ! ಈಗ ನಡೆಯುತ್ತಿದೆಯಾ ಈ ವ್ಯಾಪಾರ?

ಬಿಟ್ಟ ಆಟಗಾರ:

ಮೊದಲಿನ ಹಾಗಿಲ್ಲ. 2011ರ ಏಪ್ರಿಲ್ 15ಕ್ಕೆ ಅಮೆರಿಕ ಸರ್ಕಾರ ಮೂರು ದೊಡ್ಡ ಪೋಕರ್ ಕಂಪನಿಗಳ ಮೇಲೆ ಕೇಸು ಹಾಕಿ ಸೈಟ್ ವಿಳಾಸಗಳನ್ನೇ ವಶಕ್ಕೆ ತಗೊಂಡಿತು. ಪೋಕರಿನವರು ಅದನ್ನ ಬ್ಲ್ಯಾಕ್ ಫ್ರೈಡೇ ಅನ್ನುತ್ತಾರೆ. ಎದೆ ಮೇಲಿನ ಬಟ್ಟೆ ತುಂಡಿಗೆ ದುಡ್ಡು ಕೊಡುವವರೇ ಅಲ್ಲಿ ಇಲ್ಲವಾದರು. ಆ ಮೂರರಲ್ಲಿ ಒಂದಾದ ಫುಲ್ ಟಿಲ್ಟ್ ಜರ್ಸಿ ಹಾಕಿಕೊಂಡು ಮೆರೆದವರಿಗೆ ಅದು ಮುಜುಗರದ ಬಟ್ಟೆ ಆಯಿತು, ಯಾಕೆಂದರೆ ಆ ಕಂಪನಿ ಆಟಗಾರರ ಠೇವಣಿಯನ್ನೇ ನುಂಗಿದೆ ಅಂತ ಸರ್ಕಾರ ಹೇಳಿತು. ನೆಗ್ರಾನು ಪೋಕರ್‌ಸ್ಟಾರ್ಸ್ ಅನ್ನುವ ಸೈಟ್ ಬಿಟ್ಟದ್ದು 2019ರಲ್ಲಿ, ಅದೇ ವರ್ಷ ಜಿಜಿಪೋಕರ್ ಅನ್ನುವ ಇನ್ನೊಂದು ಸೈಟ್ ಸೇರಿದ. ಮನಿಮೇಕರ್ ಪೋಕರ್‌ಸ್ಟಾರ್ಸ್‌ನಲ್ಲೇ 17 ವರ್ಷ ಇದ್ದು 2020ರ ಕೊನೆಗೆ ಬಿಟ್ಟ. ಒಪ್ಪಂದ ಮುಗಿದ ದಿನ ಮುಖ ಅದೇ, ಅಂಗಿ ಬೇರೆ. ಹಳೇ ಫೋಟೊ ತಗೊಂಡು ನೀವು ಪ್ರಿಂಟ್ ಹೊಡೆದರೆ ಆತನಿಗೇ ಈಗ ಬೇಡವಾದ ಕಂಪನಿಯ ಪ್ರಚಾರ ಮಾಡಿದ ಹಾಗೆ.

ನಮ್ಮಲ್ಲೂ ಅದೇ ಕಥೆ. 2025ರ ಆಗಸ್ಟ್ ತನಕ ನಾನೂ ಒಂದು ಆ್ಯಪ್‌ನವರು ಕಳಿಸಿದ ಕಪ್ಪು ಹೂಡಿ ಹಾಕಿಕೊಂಡು ತಿರುಗುತ್ತಿದ್ದೆ. ಒಂದು ಟೂರ್ನಿಯಲ್ಲಿ ಮೇಲೆ ಬಂದದ್ದಕ್ಕೆ ಕೊರಿಯರ್ ಮಾಡಿದ್ದರು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಲ್ಲಿಸುವ ಕಾನೂನು ಬಂತು, ಆ್ಯಪ್ ಮುಚ್ಚಿತು, ಹೂಡಿ ಉಳಿಯಿತು. ಈ ಸಲ ಮಳೆಗೆ ಮುಂಚೆ ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಬಂದ ಕೊನೆಗೌಡ ಕೇಳಿದ ಅಂತ ಕೊಟ್ಟುಬಿಟ್ಟೆ. ಬೋರ್ಡೋ ಔಷಧಿ ಬಿದ್ದು ಎದೆಯೆಲ್ಲ ನೀಲಿ ಆಗಿದೆ. ಅವನು ಮರದಿಂದ ಮರಕ್ಕೆ ಹಾಯುವಾಗ ಬೆನ್ನ ಮೇಲಿನ ಎಕ್ಕದ ಚಿತ್ರ ಮಾತ್ರ ಮೇಲೆ ಕಾಣುತ್ತದೆ. ಬಟ್ಟೆ ಗಟ್ಟಿ ಇತ್ತು, ಅದು ಹೇಳಲೇಬೇಕು.

ಕಂಬಳಿಕೊಪ್ಪೆ:

ಎಲ್ಲ ಓದಿದೆ. ನಮ್ಮ ಅಜ್ಜ ಎಲೆ ಆಟದಲ್ಲಿ ಎರಡು ಎಕರೆ ತೋಟ ಕಳೆದ. ಸೋಗೆ ಮನೆಯ ಜಗುಲಿ ಮೇಲೆ, ಚಾಪೆ ಹಾಸಿ, ಲಾಟೀನು ಇಟ್ಟುಕೊಂಡು. ಗೆದ್ದವರ ಮಕ್ಕಳು ಇವತ್ತಿಗೂ ಅದೇ ತೋಟದ ಅಡಿಕೆ ಕೊಯ್ಯುತ್ತಾರೆ. ಅಂಥವರ ಮುಖವನ್ನ ಎದೆ ಮೇಲೆ ಹಾಕಿಕೊಂಡು ತಿರುಗಬೇಕಾ?

ಬಿಟ್ಟ ಆಟಗಾರ:

ಕೊಪ್ಪೆ ಅಣ್ಣ, ನಿಮ್ಮ ಮಾತು ಸುಳ್ಳು ಅನ್ನಲ್ಲ. ನಾನು ಬಿಟ್ಟದ್ದೂ ಸುಮ್ನೆ ಅಲ್ಲ.

ಕೋರ್ಟು ಕಚೇರಿ:

ವಕೀಲಿಕೆ ಮಾಡುವವನು, ಅದಕ್ಕೆ ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

"ಅಮೆರಿಕದವರು ಇಲ್ಲಿಗೆ ಬರುತ್ತಾರಾ" ಅನ್ನುವುದಕ್ಕೆ ಉತ್ತರ: ಬರಬೇಕಾಗಿಲ್ಲ. ನೀವು ಆನ್‌ಲೈನ್‌ನಲ್ಲಿ ಇಟ್ಟ ಮಾಲಿನ ಮೇಲೆ ಒಂದು ದೂರು ಹೋದರೆ ಸಾಕು. ಪುಟ ತೆಗೆಯುತ್ತಾರೆ, ಖಾತೆಗೂ ಬೀಗ ಬೀಳಬಹುದು. ನಿಮ್ಮ ಗಣಪತಿ ಟೋಪಿಯೂ ಆಮೇಲೆ ಅಲ್ಲಿ ಮಾರಲು ಆಗುವುದಿಲ್ಲ.

ನಮ್ಮ ಕೋರ್ಟುಗಳೂ ಈ ವಿಷಯದಲ್ಲಿ ಮೊದಲಿನ ಹಾಗಿಲ್ಲ. ಗಾಯಕ ದಲೇರ್ ಮೆಹಂದಿ ಥರ ಕಾಣುವ, ಅವರ ಹಾಡಿನ ಸಾಲು ಹಾಡುವ ಬೊಂಬೆ ಮಾರಿದ ಅಂಗಡಿಯವರ ವಿರುದ್ಧ 2010ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಅವರ ಮೇಲೆ ಕೇಸು ಬಿದ್ದದ್ದು ಬೊಂಬೆ ಮಾರಿದ್ದಕ್ಕೆ, ನೆನಪಿರಲಿ. 2015ರಲ್ಲಿ ರಜನಿಕಾಂತ್ ಹೆಸರು, ಶೈಲಿ ಬಳಸಿದ ಸಿನಿಮಾ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ನಿಂತಿತು. 2023ರಲ್ಲಿ ಅನಿಲ್ ಕಪೂರ್ ವಿಷಯದಲ್ಲಿ ದೆಹಲಿ ಹೈಕೋರ್ಟ್ ಮುಖ, ದನಿ, ಹೆಸರು ಎಲ್ಲಕ್ಕೂ ತಡೆ ಕೊಟ್ಟಿತು. ಫೋಟೊ ತೆಗೆದವನ ಹಕ್ಕು ಬೇರೆ. ನಮ್ಮಲ್ಲಿ ಫೋಟೊಗೆ ಕಾಪಿರೈಟ್ 60 ವರ್ಷ.

ಸತ್ತವರ ಮುಖ ಪುಕ್ಕಟೆ ಅಂದುಕೊಳ್ಳುವವರೂ ಇದ್ದಾರೆ. ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಈ ಹಕ್ಕು ವ್ಯಕ್ತಿಯ ಜೊತೆಗೇ ಹೋಗುತ್ತದೆ ಅಂದಿತು. ಆದರೆ ಲಾಸ್ ವೇಗಸ್ ಇರುವ ನೆವಾಡಾದಲ್ಲಿ ಸತ್ತ ಮೇಲೂ 50 ವರ್ಷ ಇರುತ್ತದೆ. ಹಳೇ ಪೋಕರ್ ಚಾಂಪಿಯನ್ ಡಾಯ್ಲ್ ಬ್ರನ್ಸನ್ 2023ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಮುಖದ ಟೋಪಿಯನ್ನ ಅಲ್ಲಿಗೆ ಕಳಿಸಿ ಮಾರುವ ಆಸೆ ಇದ್ದರೆ ಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ. ಆಗಸ್ಟ್ 22ಕ್ಕೆ ರಾಷ್ಟ್ರಪತಿ ಸಹಿ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ನೇರವಾಗಿಯೋ ಸುತ್ತುಬಳಸಿಯೋ ಜಾಹೀರಾತು ಮಾಡಿದರೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಟಗಾರನ ಎದೆ ಮೇಲೆ ಪೋಕರ್ ಸೈಟಿನ ಲೋಗೋ ಇರುವ ಫೋಟೊವನ್ನ ನೀವು ಹಾಗೇ ಪ್ರಿಂಟ್ ಹೊಡೆದರೆ ಅದು ಜಾಹೀರಾತಾ, ಬಟ್ಟೆಯಾ ಅಂತ ವಾದ ಮಾಡಬಹುದು. ನನ್ನ ಕಕ್ಷಿದಾರನಿಗೆ ಆ ವಾದ ಮಾಡುವ ಕೆಲಸ ಬರುವುದೇ ಬೇಡ ಅಂತ ನನ್ನ ಅಭಿಪ್ರಾಯ. ಲೋಗೋ ಅಂತೂ ಬೇಡವೇ ಬೇಡ.

ಗೋಬಿ ಮಂಚೂರಿಯ ಬಗ್ಗೆ ನಾನು ಏನೂ ಓದಿಲ್ಲ.

ಗೊರಬಲು:

ಸರಿ ವಕೀಲರೇ, ಸೋತೆ. ಎಲ್ಲರಿಗೂ ಗೋಬಿ ನನ್ನ ಕಡೆಯಿಂದ. ಹಾಗಾದರೆ ಮುಖ ಬಿಟ್ಟು ಏನು ಹಾಕಬಹುದು ಅಂತಾದರೂ ಹೇಳಿ, ಬರೀ ಬೇಡ ಬೇಡ ಅಂದರೆ ಅಂಗಡಿ ನಡೆಯುತ್ತದಾ?

ಬಿಟ್ಟ ಆಟಗಾರ:

ಎಲೆ ಹಾಕಿ. ಪೋಕರ್ ಆಡುವವನು ಮುಖಕ್ಕಿಂತ ಎಲೆಯನ್ನ ಬೇಗ ಗುರುತು ಹಿಡಿಯುತ್ತಾನೆ. ಬ್ರನ್ಸನ್ 1976, 1977 ಎರಡೂ ವರ್ಷ ಮುಖ್ಯ ಟೂರ್ನಿ ಗೆದ್ದದ್ದು ಹತ್ತು ಮತ್ತು ಎರಡು ಕೈಯಲ್ಲಿ ಹಿಡಿದು. ಅದು ಕೆಟ್ಟ ಎಲೆ, ಆದರೂ ಎರಡು ಸಲ. ಇವತ್ತಿಗೂ ಆ ಜೋಡಿಗೆ ಅವರ ಹೆಸರೇ. ಅದಕ್ಕಿಂತ ಕೆಟ್ಟದ್ದು ಏಳು ಮತ್ತು ಎರಡು, ಬೇರೆ ಬೇರೆ ಗುರುತಿನದು. ಕೈಗೆ ಬಂದರೆ ಬಿಸಾಡುವುದೇ. ಒಂದು ಶರ್ಟಿನ ಮೇಲೆ ಬರೀ ಇಸ್ಪೀಟು ಏಳು, ಆಟಿನ್ ಎರಡು ಹಾಕಿ. ಗೊತ್ತಿದ್ದವನು ನಗುತ್ತಾನೆ, ಗೊತ್ತಿಲ್ಲದವನಿಗೆ ಅದು ಎಲೆ ಅಷ್ಟೆ. ಯಾರ ಸಹಿಯೂ ಬೇಡ.

ಕೋರ್ಟು ಕಚೇರಿ:

ಎಲೆ ಚಿತ್ರವನ್ನ ನೀವೇ ಬಿಡಿಸಿ. ಯಾವುದೋ ಕಂಪನಿಯ ಇಸ್ಪೀಟ್ ಪ್ಯಾಕಿನ ಎಕ್ಕವನ್ನ ಸ್ಕ್ಯಾನ್ ಮಾಡಬೇಡಿ, ಕಂಪನಿಗಳು ತಮ್ಮ ಗುರುತು ಹಾಕುವುದೇ ಇಸ್ಪೀಟು ಎಕ್ಕದ ಮೇಲೆ. ನಿಮ್ಮದೇ ಹೆಸರು ಇಟ್ಟು ಬೆಳೆಸುವ ಆಸೆ ಇದ್ದರೆ ಟ್ರೇಡ್‌ಮಾರ್ಕ್ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಒಬ್ಬ ವ್ಯಕ್ತಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಬಟ್ಟೆ 25ನೇ ವರ್ಗ, ಇಸ್ಪೀಟ್ ಎಲೆ 28. ನಮ್ಮ ರಾಜ್ಯದ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ.

ಸಾಗರದ ಭಾವ:

ತಡವಾಗಿ ಬಂದೆ, ಮನೆಯಲ್ಲಿ ಅಡಿಕೆ ಸುಲಿಯುವ ಗಡಿಬಿಡಿ.

ಶರ್ಟು ಬಿಡಿ. ಗ್ರೆಗ್ ರೇಮರ್ ಹೆಸರು ಮೇಲೆ ಬಂತಲ್ಲ, 2004ರಲ್ಲಿ 50 ಲಕ್ಷ ಡಾಲರ್ ಗೆದ್ದವನು. ಅವನನ್ನ ಫಾಸಿಲ್‌ಮ್ಯಾನ್ ಅನ್ನುವುದು ಯಾಕೆ ಗೊತ್ತಾ? ಟೇಬಲ್ ಮೇಲೆ ತನ್ನ ಎಲೆ ಮೇಲೆ ಒಂದು ಪಳೆಯುಳಿಕೆ ಕಲ್ಲು ಇಡುತ್ತಿದ್ದ. ಅದನ್ನ ಕಾರ್ಡ್ ಗಾರ್ಡ್ ಅನ್ನುತ್ತಾರೆ. ಏನೂ ಇಡದೆ ಬಿಟ್ಟರೆ ಎಲೆ ಹಂಚುವವನು ಬಿಟ್ಟ ಎಲೆ ಅಂದುಕೊಂಡು ಬಾಚಿಬಿಡುವ ಸಾಧ್ಯತೆ ಇದೆ. ಅಂಥ ಕಲ್ಲುಗಳನ್ನ ಅವನು ಬೇರೆ ಆಟಗಾರರಿಗೂ ಮಾರಿದ್ದಾನೆ. ಜಾನಿ ಚಾನ್ ಒಂದು ಕಿತ್ತಳೆ ಹಣ್ಣು ಇಟ್ಟುಕೊಳ್ಳುತ್ತಿದ್ದ, ಆಗ ಹಾಲ್ ತುಂಬ ಸಿಗರೇಟು ಹೊಗೆ, ಮೂಸಲು ಅದು. ಹಂಬರ್ಟೊ ಬ್ರೆನೆಸ್‌ದು ಆಟಿಕೆ ಶಾರ್ಕ್ ಮೀನು.

ಇದಕ್ಕೆ ಯಾರ ಮುಖವೂ ಬೇಡ, ಕೈಯಲ್ಲಿ ಹಿಡಿದರೆ ತೂಕ ಇರಬೇಕು ಅಷ್ಟೆ. ನಮ್ಮ ಸಾಗರ, ಸೊರಬದ ಕಡೆ ಗುಡಿಗಾರರು ಇದ್ದಾರೆ. ಗಂಧ ದುಬಾರಿ, ಬೇರೆ ಮರದಲ್ಲಿ ಕೆತ್ತಿ ಕೊಡುತ್ತಾರೆ. ಪೋಕರ್ ಚಿಪ್ಪು ಸುಮಾರು 39 ಮಿಲಿಮೀಟರ್ ಅಗಲ. ಅಷ್ಟೇ ಅಗಲದ ಬಿಲ್ಲೆ ಮೇಲೆ ಒಂದು ಗಂಡಭೇರುಂಡ ಕೆತ್ತಿಸಿ ನೋಡಿ. ಅಥವಾ ಖರ್ಚೇ ಬೇಡ ಅಂದರೆ ಒಂದು ಕೆಂಪಡಿಕೆ ಇಡಲು ಹೇಳಿ. ಬುಡ ಚಪ್ಪಟೆ ಇರುವುದನ್ನ ಆರಿಸಬೇಕು, ಇಲ್ಲದಿದ್ದರೆ ಉರುಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ.

ತೀರ್ಥಳ್ಳಿ ಅಕ್ಕ:

ಭಾವ, ಇದು ಇಡೀ ಚರ್ಚೆಯಲ್ಲೇ ಕಡಿಮೆ ಬಂಡವಾಳದ ಐಡಿಯಾ. ಪ್ರಿಂಟು ಅಣ್ಣ, ಗುಡಿಗಾರರಿಂದ ಮಾಡಿಸಿದರೆ ಡಬ್ಬಿ ಮೇಲೆ ಕೆತ್ತಿದವರ ಹೆಸರನ್ನ ಅವರ ಒಪ್ಪಿಗೆ ತಗೊಂಡೇ ಹಾಕಿ. ಅದಕ್ಕೂ ಒಂದು ಕಾಗದ ಮಾಡಿಕೊಳ್ಳಿ. ಬಿಲ್ಲೆಗೆ ಇಷ್ಟು ರೂಪಾಯಿ ಅಂತ ಬರೆದರೆ ಸಾಕು, ಎಂಟು ಪುಟ ಬೇಡ.

ದುರ್ಗಿಗುಡಿ ಪ್ರಿಂಟು:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎರಡು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಹುಡುಗರನ್ನ ಕರೆಸಿ ಮುಖ ಆಗಲ್ಲ ಅಂದೆ. ಒಬ್ಬನಿಗೆ ಸಿಟ್ಟು ಬಂತು, ಬೇರೆ ಅಂಗಡಿಗೆ ಹೋಗುತ್ತೇವೆ ಅಂದ. ಏಳು-ಎರಡು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸಿದೆ. ಉಳಿದ ಮೂವರು ನಕ್ಕುಬಿಟ್ಟರು, ಅಲ್ಲಿಗೆ ಸಿಟ್ಟೂ ಹೋಯಿತು. ಎದೆ ಮೇಲೆ ಎರಡು ಎಲೆ, ಬೆನ್ನ ಮೇಲೆ "ಬಿಸಾಕು ಮಾರಾಯ" ಅಂತ ಕನ್ನಡದಲ್ಲಿ. 24 ಶರ್ಟು ಗುರುವಾರ ಕೊಟ್ಟೆ. ನೋಡಿದ ಕಾಲೇಜು ಹುಡುಗರು ಇನ್ನೂ 11 ಹೇಳಿದ್ದಾರೆ, ಅವರಿಗೆ ಪೋಕರ್ ಗೊತ್ತೇ ಇಲ್ಲ, ಬೆನ್ನ ಮೇಲಿನ ಮಾತು ಇಷ್ಟ ಆಯಿತಂತೆ. 500ರ ಆಸೆ ಸದ್ಯಕ್ಕೆ ಮಡಚಿ ಇಟ್ಟಿದ್ದೇನೆ. ಸೊರಬದಲ್ಲಿ ಒಬ್ಬರಿಗೆ ಹತ್ತು ಬಿಲ್ಲೆ ಕೆತ್ತಲು ಹೇಳಿದ್ದೇನೆ, ಬಂದ ಮೇಲೆ ಫೋಟೊ ಹಾಕುತ್ತೇನೆ.

ಸಾಗರದ ಭಾವ ಹೇಳಿದ ಅಡಿಕೆಯನ್ನೂ ಹುಡುಗರಿಗೆ ಕೊಟ್ಟಿದ್ದೆ, ಎಣ್ಣೆ ಹಚ್ಚಿ ಉಜ್ಜಿ. ಮೊನ್ನೆ ಶನಿವಾರ ಆಟದ ಮಧ್ಯೆ ಒಬ್ಬನ ಅಜ್ಜ ರೂಮಿಗೆ ಬಂದು, ಎಲೆ ಮೇಲಿದ್ದ ಅಡಿಕೆ ಎತ್ತಿ ಅಡಕತ್ತರಿಯಲ್ಲಿ ಕತ್ತರಿಸಿ, ಸುಣ್ಣ ಕೇಳಿದರಂತೆ.